ರಜೆಯ ದ್ವೀಪ, ಸಜೆಯ ದ್ವೀಪ

ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ತಿ ರಜೆ ಸಿಕ್ಕಿದ್ದು 2015ರ ಸೆಪ್ಟೆಂಬರ್‌ನಿಂದ. ಅದಕ್ಕೂ ಮೊದಲು ಅರ್ಧ ದಿನದ ಶನಿವಾರ, ಮಿಕ್ಕ ಅರ್ಧ ದಿನ ಲೋಕಲ್ ಟ್ರೇನಿನಲ್ಲಿ! ಮುಂಬಯಿಯಲ್ಲಿ ಮೂರು ದಶಕ ಕಳೆದ ನಮ್ಮಂಥವರಿಗೆ ವೀಕೆಂಡ್ ಅಂದರೆ ಅಲಿಬಾಗ್, ಮಾಥೇರಾನ್, ಹೆಚ್ಚೆಂದರೆ ಮಹಾಬಳೇಶ್ವರ. ರೋಮ್ ನಗರದವರಿಗೂ ಇಂಥದೇ ಒಂದು ಅಲಿಬಾಗ್ ಇದೆ. ರೋಮ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ಚಿಲ್ಲರೆ ರೈಲಿನಲ್ಲಿ ಹೋದರೆ ಫೋರ್ಮಿಯಾ ಎಂಬ ಊರು ಸಿಗುತ್ತದೆ. ಅಲ್ಲಿಂದ ಸುಮಾರು ಎರಡು ಗಂಟೆಯ ಹಡಗಿನ ಪ್ರಯಾಣ. ಇಳಿದರೆ ವೆಂತೊತೆನೆ. ಉದ್ದ ಮೂರು ಕಿಲೋಮೀಟರ್, ಅಗಲ ಒಂದು ಕಿಲೋಮೀಟರ್ ಕೂಡ ಇಲ್ಲ. ಕಾಯಂ ಜನಸಂಖ್ಯೆ ನಮ್ಮ ಹೌಸಿಂಗ್ ಸೊಸೈಟಿಯದಕ್ಕಿಂತ ಕಡಿಮೆ, ಸುಮಾರು ಏಳುನೂರು.

ಮಗಳು ಇಟಲಿಯಲ್ಲಿ ಓದುತ್ತಿದ್ದಾಗ ಅವಳನ್ನು ನೋಡಲು ಹೋದ ನಾವಿಬ್ಬರು ಅಲ್ಲಿ ಎರಡು ರಾತ್ರಿ ಇದ್ದು ಬಂದೆವು. ಪ್ರವಾಸ ಕಥನ ಬರೆಯುವ ಉದ್ದೇಶ ನನ್ನದಲ್ಲ, ಆದ್ದರಿಂದ ಚುಟುಕಾಗಿ ಹೇಳಿಬಿಡುತ್ತೇನೆ. ಹಳದಿ, ಗುಲಾಬಿ ಬಣ್ಣ ಬಳಿದ ಮನೆಗಳು, ಬೆಳಗ್ಗೆ ಮೀನುದೋಣಿಗಳು, ಮಧ್ಯಾಹ್ನ ಊರಿಗೆ ಊರೇ ನಿದ್ದೆ. ಮಸೂರ ಜಾತಿಯ ಪುಟ್ಟ ಕಾಳು ಇಲ್ಲಿ ಪ್ರಸಿದ್ಧ, ಅದರ ಸಾರು ಸಸ್ಯಾಹಾರಿಗಳಾದ ನಮ್ಮ ಪಾಲಿಗೆ ಮೃಷ್ಟಾನ್ನ. ವಲಸೆ ಹಕ್ಕಿಗಳು ಆಫ್ರಿಕಾ-ಯುರೋಪ್ ನಡುವೆ ಹಾರುವಾಗ ಇಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವಂತೆ, ಅವುಗಳಿಗೆಂದೇ ಒಂದು ಮ್ಯೂಸಿಯಂ ಇದೆ. ಇಷ್ಟು ಬಿಟ್ಟರೆ ನಿಶ್ಶಬ್ದ. ಮೊದಲ ದಿನ ಸ್ವರ್ಗ ಅನಿಸಿತು. ಎರಡನೇ ಸಂಜೆ ನನ್ನ ಹೆಂಡತಿ ಸಮುದ್ರ ನೋಡುತ್ತಾ, "ಚಂದ ಉಂಟು ಮಾರಾಯ್ರೇ, ಆದ್ರೆ ಮೂರನೇ ದಿನ ನನ್ನಿಂದಾಗ್ಲಿಕ್ಕಿಲ್ಲ" ಎಂದಳು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಾರಣ, 2003ರ ಸೆಪ್ಟೆಂಬರ್‌ನಲ್ಲಿ ಆಗಿನ ಇಟಲಿಯ ಪ್ರಧಾನಿ ಸಿಲ್ವಿಯೊ ಬೆರ್ಲುಸ್ಕೋನಿ ಬ್ರಿಟನ್ನಿನ 'ಸ್ಪೆಕ್ಟೇಟರ್' ಪತ್ರಿಕೆಗೆ ಕೊಟ್ಟ ಒಂದು ಸಂದರ್ಶನ. ಮುಸೊಲಿನಿ ಯಾರನ್ನೂ ಕೊಲ್ಲಲಿಲ್ಲ, ತನ್ನ ವಿರೋಧಿಗಳನ್ನು ರಜೆಗೆ ಕಳಿಸಿದನಷ್ಟೆ ಎಂಬರ್ಥದ ಮಾತನ್ನು ಅವರು ಆಡಿದ್ದರು. ಇಟಲಿಯಲ್ಲಿ ದೊಡ್ಡ ಗದ್ದಲವಾಯಿತು. ಅವರು ಹೇಳಿದ 'ರಜೆಯ ಜಾಗ'ಗಳೆಂದರೆ ಇವೇ: ವೆಂತೊತೆನೆ, ಪಕ್ಕದ ಪೊಂಜಾ, ಸಿಸಿಲಿಯ ಬಳಿಯ ಲಿಪರಿ, ಉಸ್ತಿಕಾ, ಫಾವಿನ್ಯಾನಾ, ಆಚೆಯ ಬದಿಯ ತ್ರೆಮಿತಿ. ಇಂದು 'ಶಾಂತ ಮೆಡಿಟರೇನಿಯನ್ ದ್ವೀಪಗಳು' ಎಂದು ಪ್ರವಾಸಿ ಕಂಪನಿಗಳು ಮಾರುವ ಪಟ್ಟಿಯಲ್ಲೂ ಇವೇ ಹೆಸರುಗಳಿವೆ. ಎರಡು ಪಟ್ಟಿಗಳು ಹೀಗೆ ತಾಳೆಯಾಗುವುದನ್ನು ಕಂಡರೆ ಬ್ಯಾಂಕಿನವನಿಗೆ ಅನುಮಾನ ಬಾರದೆ ಇರುತ್ತದೆಯೇ? ನಾನು ಓದಿದ್ದು ಬಿ.ಕಾಂ., ಚರಿತ್ರೆಯಲ್ಲಿ ಡಿಗ್ರಿ ಇಲ್ಲ. ಆದರೆ ಖಾತೆ ಹಿಂದಕ್ಕೆ ಓದುವುದು ಅಭ್ಯಾಸ. ಹಾಗೆ ಓದುತ್ತಾ ಹೋದರೆ ಈ ದ್ವೀಪದ ಖಾತೆ ಎರಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ.

ರೋಮನ್ನರು ಈ ದ್ವೀಪವನ್ನು ಪಾಂಡಟೇರಿಯಾ ಎಂದು ಕರೆಯುತ್ತಿದ್ದರು. ಉತ್ತರ ತುದಿಯ ಬಂಡೆಯ ಮೇಲೆ ಚಕ್ರವರ್ತಿ ಮನೆತನದ ಒಂದು ಬೇಸಿಗೆ ಬಂಗಲೆ ಇತ್ತು. ಸ್ನಾನಗೃಹ, ತೋಟ, ಸಮುದ್ರದಂಚಿನಲ್ಲಿ ಬಂಡೆ ಕೊರೆದು ಮಾಡಿದ ಮೀನಿನ ಕೊಳ, ಎಲ್ಲವೂ ಇದ್ದ ಬಂಗಲೆ. ದ್ವೀಪದಲ್ಲಿ ಸಿಹಿನೀರಿನ ಬುಗ್ಗೆ ಇಲ್ಲ, ಆದ್ದರಿಂದ ಮಳೆನೀರು ಹಿಡಿಯಲು ಕಲ್ಲಿನೊಳಗೆ ದೊಡ್ಡ ದೊಡ್ಡ ತೊಟ್ಟಿಗಳನ್ನು ಕೊರೆದರು. ಮೆದು ಜ್ವಾಲಾಮುಖಿ ಕಲ್ಲನ್ನು ಕಡಿದು ಒಂದು ಬಂದರನ್ನೇ ಮಾಡಿದರು. ಆ ಬಂದರು ಈಗಲೂ ಬಳಕೆಯಲ್ಲಿದೆ. ಅಂದರೆ ಇದು ಹುಟ್ಟಿದ್ದೇ ಶ್ರೀಮಂತರ ವಿಶ್ರಾಂತಿಗಾಗಿ.

ಕ್ರಿಸ್ತಪೂರ್ವ 2ರಲ್ಲಿ ಅದೇ ಬಂಗಲೆಗೆ ಜೂಲಿಯಾ ಬಂದಳು. ಚಕ್ರವರ್ತಿ ಅಗಸ್ಟಸನ ಒಬ್ಬಳೇ ಮಗಳು. ಅಪ್ಪನ ರಾಜಕೀಯಕ್ಕೆ ಬೇಕಾದ ಹಾಗೆ ಮೂರು ಬಾರಿ ಮದುವೆಯಾದವಳು, ಮೂರನೆಯ ಗಂಡನೇ ಮುಂದೆ ಚಕ್ರವರ್ತಿಯಾದ ಟೈಬೀರಿಯಸ್. ಪರಪುರುಷರ ಸಂಗ ಮಾಡಿದಳು ಎಂಬ ಆರೋಪದ ಮೇಲೆ ಅಪ್ಪನೇ ಅವಳನ್ನು ಗಡೀಪಾರು ಮಾಡಿದ. ಅವಳಿಗೆ ವಿಧಿಸಿದ ನಿಯಮಗಳನ್ನು ರೋಮನ್ ಚರಿತ್ರಕಾರ ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ. ವೈನ್ ಇಲ್ಲ, ಯಾವ ಸುಖಸಾಧನವೂ ಇಲ್ಲ. ಗುಲಾಮನಿರಲಿ ಸ್ವತಂತ್ರನಿರಲಿ, ಚಕ್ರವರ್ತಿಯ ಅಪ್ಪಣೆಯಿಲ್ಲದೆ ಯಾವ ಗಂಡಸೂ ಹತ್ತಿರ ಹೋಗುವಂತಿಲ್ಲ. ಅಪ್ಪಣೆ ಕೊಡುವ ಮೊದಲು ಆತನ ಎತ್ತರ ಎಷ್ಟು, ಮೈಬಣ್ಣ ಯಾವುದು, ಮೈಮೇಲೆ ಮಚ್ಚೆ-ಗಾಯದ ಗುರುತು ಏನಿದೆ ಎಂದು ಅಪ್ಪನಿಗೆ ವರದಿ ಹೋಗಬೇಕು. ನಮ್ಮ ಕೆವೈಸಿ ಕೂಡ ಇಷ್ಟು ಕೇಳುವುದಿಲ್ಲ!

ಜೂಲಿಯಾಳ ಜೊತೆ ಒಬ್ಬರು ಸ್ವಂತ ಇಚ್ಛೆಯಿಂದ ಹೋದರು. ಆಕೆಯ ತಾಯಿ ಸ್ಕ್ರಿಬೋನಿಯಾ. ಜೂಲಿಯಾ ಹುಟ್ಟಿದ ದಿನವೇ ಅಗಸ್ಟಸ್ ಈ ಹೆಂಡತಿಗೆ ವಿಚ್ಛೇದನ ಕೊಟ್ಟಿದ್ದ. ಸುಮಾರು ನಾಲ್ಕು ದಶಕಗಳ ನಂತರ ಮಗಳಿಗೆ ಕಷ್ಟ ಬಂದಾಗ ಆ ತಾಯಿ ರೋಮ್ ಬಿಟ್ಟು ದ್ವೀಪಕ್ಕೆ ಹೊರಟಳು. ಇತಿಹಾಸದ ಪುಸ್ತಕಗಳಲ್ಲಿ ಆಕೆಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಐದು ವರ್ಷದ ಮೇಲೆ ಜೂಲಿಯಾಳನ್ನು ದಕ್ಷಿಣ ಇಟಲಿಯ ರೇಜಿಯಂ ಎಂಬ ಊರಿಗೆ ಸ್ಥಳಾಂತರಿಸಿದರು, ಆದರೆ ರೋಮ್‌ಗೆ ಮರಳಿ ಕರೆಯಲಿಲ್ಲ. ಕ್ರಿಸ್ತಶಕ 14ರಲ್ಲಿ ಅಗಸ್ಟಸ್ ತೀರಿಕೊಂಡ. ತನ್ನ ಸಮಾಧಿಯಲ್ಲಿ ಮಗಳಿಗೆ ಜಾಗ ಕೊಡಬಾರದೆಂದು ಉಯಿಲಿನಲ್ಲೇ ಬರೆದಿಟ್ಟಿದ್ದ. ಅದೇ ವರ್ಷ ಅವಳೂ ಸತ್ತಳು.

ಅಲ್ಲಿಗೆ ಮುಗಿಯಲಿಲ್ಲ. ಕ್ರಿ.ಶ. 29ರಲ್ಲಿ ಟೈಬೀರಿಯಸ್ ಇದೇ ದ್ವೀಪಕ್ಕೆ ಜೂಲಿಯಾಳ ಮಗಳು ಅಗ್ರಿಪ್ಪೀನಾಳನ್ನು ಅಟ್ಟಿದ. ಆಕೆ 33ರಲ್ಲಿ ಅನ್ನಾಹಾರವಿಲ್ಲದೆ ಸತ್ತಳು. ಆಕೆಯ ಒಬ್ಬ ಮಗನನ್ನು ಪಕ್ಕದ ಪೊಂಜಾ ದ್ವೀಪದಲ್ಲಿಟ್ಟಿದ್ದರು, ಅವನೂ ಅಲ್ಲೇ ಸತ್ತ. ಇನ್ನೊಬ್ಬ ಮಗ ಕ್ಯಾಲಿಗುಲಾ 37ರಲ್ಲಿ ಚಕ್ರವರ್ತಿಯಾದ ಕೂಡಲೇ ಬಿರುಗಾಳಿಯಲ್ಲೇ ಹಡಗು ಹತ್ತಿ ಬಂದು ಅಮ್ಮನ ಮತ್ತು ಅಣ್ಣನ ಅಸ್ಥಿಯನ್ನು ರೋಮ್‌ಗೆ ಒಯ್ದ. ಆಕೆಯ ಅಸ್ಥಿ ಇಟ್ಟಿದ್ದ ಕಲ್ಲು ರೋಮ್‌ನ ಕ್ಯಾಪಿಟೋಲೈನ್ ಮ್ಯೂಸಿಯಂನಲ್ಲಿದೆ. ಮಧ್ಯಯುಗದಲ್ಲಿ ಅದನ್ನು ಮಾರುಕಟ್ಟೆಯಲ್ಲಿ ಧಾನ್ಯ ಅಳೆಯುವ ಕೊಳಗವಾಗಿ ಬಳಸುತ್ತಿದ್ದರು! ಇನ್ನು 62ರಲ್ಲಿ ನೀರೋ ತನ್ನ ಹೆಂಡತಿ ಆಕ್ಟೇವಿಯಾಳನ್ನು ಇಲ್ಲಿಗೆ ಕಳಿಸಿ, ಇಲ್ಲೇ ಕೊಲ್ಲಿಸಿದ. ಆಗ ಆಕೆಯ ವಯಸ್ಸು ಇಪ್ಪತ್ತರ ಆಸುಪಾಸು.

ರೋಮನ್ನರ ಕಾನೂನಿನಲ್ಲಿ ಇದಕ್ಕೆ ಎರಡು ದರ್ಜೆಗಳಿದ್ದವು. ಮೊದಲನೆಯದು 'ರೆಲೆಗಾಸಿಯೊ', ದೂರ ಇರು, ಆದರೆ ಆಸ್ತಿ ಮತ್ತು ಪೌರತ್ವ ಉಳಿಯುತ್ತದೆ. ಎರಡನೆಯದು 'ಡಿಪೋರ್ಟಾಸಿಯೊ', ದ್ವೀಪಕ್ಕೆ ಹೋಗು, ಆಸ್ತಿ-ಪೌರತ್ವ ಎರಡನ್ನೂ ಕಳೆದುಕೋ. ಇಂಗ್ಲಿಷಿನ ಡಿಪೋರ್ಟೇಷನ್ ಪದದ ಮೂಲ ಅಲ್ಲಿದೆ. ಐಸೊಲೇಷನ್ ಎನ್ನುವುದೂ ದ್ವೀಪದ ಪದವೇ. ಇಟಾಲಿಯನ್‌ನಲ್ಲಿ ದ್ವೀಪಕ್ಕೆ 'ಇಸೊಲಾ' ಎನ್ನುತ್ತಾರೆ. 2020ರಲ್ಲಿ ನಾವೆಲ್ಲ ನಮ್ಮ ನಮ್ಮ ಫ್ಲ್ಯಾಟುಗಳಲ್ಲಿ ಐಸೊಲೇಟ್ ಆದೆವಲ್ಲ, ಅಂದರೆ ತಲೆಗೊಂದು ದ್ವೀಪವಾದೆವು ಎಂದರ್ಥ.

ದ್ವೀಪಗಳಲ್ಲೂ ಮೇಲು-ಕೀಳು ಇತ್ತು. ಗ್ರೀಸಿನ ಗ್ಯಾರೋಸ್ ಅತ್ಯಂತ ಕೆಟ್ಟದ್ದೆಂದು ಹೆಸರಾಗಿತ್ತು, ಕಲ್ಲುಬಂಡೆ, ನೀರಿಲ್ಲ. ಕ್ರಿ.ಶ. 22ರಲ್ಲಿ ಸಿಲಾನಸ್ ಎಂಬ ಅಧಿಕಾರಿಯನ್ನು ಅಲ್ಲಿಗೆ ಕಳಿಸಲು ಸೆನೆಟ್ ಹೊರಟಾಗ ಟೈಬೀರಿಯಸ್‌ನಂಥವನೇ ತಡೆದು, ಅವನನ್ನು ಕಿಥ್ನೋಸ್ ದ್ವೀಪಕ್ಕೆ ಕಳಿಸಿದ. ಎರಡು ವರ್ಷದ ಮೇಲೆ ಇನ್ನೊಬ್ಬನನ್ನು ಅಮೋರ್ಗೋಸ್‌ಗೆ. ಇಂದು ಕಿಥ್ನೋಸ್ ಎಂದರೆ ಅಥೆನ್ಸ್‌ನವರು ಶುಕ್ರವಾರ ಸಂಜೆ ದೋಣಿ ಹತ್ತುವ ಜಾಗ. ಅಮೋರ್ಗೋಸ್ ಗದ್ದಲ ಬೇಡವೆನ್ನುವ ಪ್ರವಾಸಿಗಳ ಅಚ್ಚುಮೆಚ್ಚು.

ಯಾಕೆ ದ್ವೀಪವೇ? ಲೆಕ್ಕ ಹಾಕಿ ನೋಡಿ. ಕಾಂಪೌಂಡ್ ಕಟ್ಟುವ ಖರ್ಚಿಲ್ಲ, ಸಮುದ್ರವೇ ಗೋಡೆ. ಕಾವಲಿಗೆ ಸ್ವಲ್ಪ ಜನ ಸಾಕು, ಬಂದರಿನಲ್ಲಿ ಬರುವ-ಹೋಗುವ ದೋಣಿಗಳನ್ನು ನೋಡಿಕೊಂಡರಾಯಿತು. ಕೊಂದರೆ ಹುತಾತ್ಮನಾಗುತ್ತಾನೆ, ಪಟ್ಟಣದ ಜೈಲಿನಲ್ಲಿಟ್ಟರೆ ಸುದ್ದಿ ಹೊರಗೆ ಬರುತ್ತದೆ. ದ್ವೀಪದಲ್ಲಿಟ್ಟರೆ ಜನ ಮೆಲ್ಲಗೆ ಮರೆಯುತ್ತಾರೆ. ಪ್ರವಾಸಿಗೆ ಇಷ್ಟವಾಗುವ ಗುಣಗಳು ಯಾವುವು? ದೂರ, ಜನ ಕಡಿಮೆ, ಫೋನು-ಪತ್ರಿಕೆಗಳ ಕಾಟವಿಲ್ಲ, ಮಾಡಲು ಏನೂ ಕೆಲಸವಿಲ್ಲ. ಆಳುವವರಿಗೆ ಬೇಕಾಗಿದ್ದೂ ಸರಿಯಾಗಿ ಇವೇ.

ವೆಂತೊತೆನೆಯ ಎದುರಿಗೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಬಂಡೆಯಿದೆ, ಸಾಂತೊ ಸ್ತೆಫಾನೊ. ಅದರ ತಲೆಯ ಮೇಲೆ ಕುದುರೆ ಲಾಳದ ಆಕಾರದ ದೊಡ್ಡ ಕಟ್ಟಡ. ನೇಪಲ್ಸಿನ ಬೂರ್ಬನ್ ಅರಸರು 1795ರ ಹೊತ್ತಿಗೆ ಕಟ್ಟಿಸಿದ ಜೈಲು ಇದು. ಇಂಗ್ಲೆಂಡಿನ ಜೆರೆಮಿ ಬೆಂಥಮ್ ಆಗಷ್ಟೇ ಪ್ರಕಟಿಸಿದ್ದ ಜೈಲಿನ ಯೋಜನೆಯನ್ನೇ ಇದು ಹೋಲುತ್ತದೆ. ನಡುವೆ ನಿಂತ ಒಬ್ಬ ಕಾವಲುಗಾರನಿಗೆ ಎಲ್ಲ ಕೋಣೆಗಳೂ ಕಾಣಬೇಕು, ತನ್ನನ್ನು ಈಗ ನೋಡುತ್ತಿದ್ದಾರೋ ಇಲ್ಲವೋ ಎಂಬುದು ಕೈದಿಗೆ ತಿಳಿಯಬಾರದು. ಒಟ್ಟು 99 ಕೋಣೆಗಳು. ಸುತ್ತಲೂ ನೀಲಿ ಸಮುದ್ರವಿದ್ದರೂ ಕೋಣೆಗಳ ಬಾಗಿಲುಗಳು ಒಳಗಿನ ಅಂಗಳದ ಕಡೆಗೆ, ಒಬ್ಬರನ್ನೊಬ್ಬರು ನೋಡುವ ಹಾಗೆ. ಆ ದ್ವೀಪದಲ್ಲಿದ್ದೂ ಸಮುದ್ರ ಕಾಣದ ಹಾಗೆ ಬದುಕಿದವರು ಅವರು.

ನಮ್ಮವರಿಗೆ ಇದು ಹೊಸದಲ್ಲ. ಅಂಡಮಾನಿನ ಸೆಲ್ಯುಲರ್ ಜೈಲನ್ನು ಬ್ರಿಟಿಷರು 1896ರಿಂದ 1906ರವರೆಗೆ ಕಟ್ಟಿದ್ದೂ ಹೀಗೇ, ನಡುವೆ ಗೋಪುರ, ಸುತ್ತ ಏಳು ರೆಕ್ಕೆಗಳು. ಎಲ್‌ಎಫ್‌ಸಿ ತೆಗೆದುಕೊಂಡು ಪೋರ್ಟ್ ಬ್ಲೇರ್‌ಗೆ ಹೋದ ಬ್ಯಾಂಕ್ ಮಿತ್ರರಿಗೆ ಗೊತ್ತಿರುತ್ತದೆ, ಬೆಳಗ್ಗೆ ಆ ಜೈಲು ನೋಡಿ ಮಧ್ಯಾಹ್ನ ಹ್ಯಾವ್‌ಲಾಕ್ ದ್ವೀಪದ ಬೀಚಿಗೆ ದೋಣಿ. 'ಕರಿನೀರು' ಎಂದು ಜನ ನಡುಗುತ್ತಿದ್ದ ನೀರಿನಲ್ಲೇ ಈಗ ಹನಿಮೂನ್.

ಸಾಂತೊ ಸ್ತೆಫಾನೊದ ಕೈದಿಗಳಲ್ಲಿ ಲುಯಿಜಿ ಸೆತ್ತೆಂಬ್ರೀನಿ ಎಂಬ ಮೇಷ್ಟ್ರ ಕಥೆ ಸಿನಿಮಾದಂತಿದೆ. ಬೂರ್ಬನ್ ಅರಸರ ವಿರುದ್ಧ ಸಂಚು ಮಾಡಿದನೆಂದು ಮರಣದಂಡನೆಯಾಗಿ, ಅದು ಜೀವಾವಧಿಗೆ ಬದಲಾಗಿ, 1851ರಲ್ಲಿ ಇಲ್ಲಿಗೆ ಬಂದರು. ಕಳ್ಳರು, ಕೊಲೆಗಡುಕರ ನಡುವೆ ಕೂತು ಲೂಸಿಯನ್ ಎಂಬ ಪ್ರಾಚೀನ ಗ್ರೀಕ್ ಲೇಖಕನ ವಿಡಂಬನೆಗಳನ್ನು ಇಟಾಲಿಯನ್‌ಗೆ ಅನುವಾದಿಸಿದರು. 1859ರಲ್ಲಿ ಅವರನ್ನೂ ಇತರ ರಾಜಕೀಯ ಕೈದಿಗಳನ್ನೂ ಸೇರಿಸಿ ಒಟ್ಟು 66 ಮಂದಿಯನ್ನು ಅಮೆರಿಕಕ್ಕೆ ಸಾಗಹಾಕಲು ಹಡಗು ಹತ್ತಿಸಿದರು. ಆ ಹಡಗಿನ ಸಿಬ್ಬಂದಿಯಲ್ಲಿ ಒಬ್ಬ ಯುವಕ ಸದ್ದಿಲ್ಲದೆ ಸೇರಿಕೊಂಡಿದ್ದ. ನಡುಸಮುದ್ರಕ್ಕೆ ಬಂದ ಮೇಲೆ ತಾನು ಯಾರೆಂದು ತೋರಿಸಿಕೊಂಡ, ಅವರ ಮಗ ರಫಾಯೆಲೆ! ಕಸುಬಿನಿಂದ ನಾವಿಕ. ಕ್ಯಾಪ್ಟನ್‌ನ ಮೇಲೆ ಒತ್ತಡ ಹಾಕಿ ಹಡಗನ್ನು ಐರ್ಲೆಂಡಿನತ್ತ ತಿರುಗಿಸಿದರು, ಎಲ್ಲರೂ ಬಿಡುಗಡೆಯಾದರು. ಜೂಲಿಯಾಳ ಜೊತೆ ತಾಯಿ ಹೋದಳು, ಸೆತ್ತೆಂಬ್ರೀನಿಯನ್ನು ಮಗ ಬಂದು ಕರೆದೊಯ್ದ. ದ್ವೀಪದ ಚರಿತ್ರೆಯಲ್ಲಿ ಮನೆಯವರ ಪಾತ್ರ ದೊಡ್ಡದು, ಮುಂದೆಯೂ ನೋಡುತ್ತೀರಿ.

ಈಗ ಬೆರ್ಲುಸ್ಕೋನಿಯವರ 'ರಜೆ'ಗೆ ಬರೋಣ.

1926ರ ನವೆಂಬರ್‌ನಲ್ಲಿ ಮುಸೊಲಿನಿ ಸರಕಾರ ಹೊಸ ಕಾನೂನು ತಂದಿತು. ಹೆಸರು 'ಕೊನ್ಫೀನೊ'. ಯಾರಾದರೂ ಸರಕಾರಕ್ಕೆ ಅಪಾಯಕಾರಿ ಎಂದು ಅನಿಸಿದರೆ ಸಾಕು, ಅಪರಾಧ ಮಾಡಿರಬೇಕೆಂದಿಲ್ಲ. ಕೋರ್ಟು, ಜಡ್ಜು, ವಕೀಲ ಏನೂ ಇಲ್ಲ. ಜಿಲ್ಲಾಮಟ್ಟದ ಒಂದು ಕಮಿಟಿ ಕೂತು ತೀರ್ಮಾನಿಸಿದರೆ ಐದು ವರ್ಷದವರೆಗೆ ದ್ವೀಪಕ್ಕೆ. ಐದು ವರ್ಷ ಮುಗಿದರೆ ನವೀಕರಿಸಬಹುದು, ನಮ್ಮ ಫಿಕ್ಸೆಡ್ ಡಿಪಾಸಿಟ್ ಆಟೊ ರಿನ್ಯೂವಲ್ ಆದಂತೆ! ಹತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಹೋದರು. ಕಮ್ಯುನಿಸ್ಟ್ ನಾಯಕ ಗ್ರಾಮ್ಶಿ 1926ರ ಡಿಸೆಂಬರ್‌ನಲ್ಲಿ ಉಸ್ತಿಕಾಕ್ಕೆ ಬಂದರು, ಇದ್ದದ್ದು ಆರು ವಾರ, ಅಷ್ಟರಲ್ಲೇ ಸಂಗಡಿಗರ ಜೊತೆ ಸೇರಿ ಶಾಲೆ ತೆರೆದರು. 1929ರ ಜುಲೈಯಲ್ಲಿ ಕಾರ್ಲೊ ರೊಸ್ಸೆಲ್ಲಿ, ಎಮಿಲಿಯೊ ಲುಸ್ಸು, ಫೌಸ್ತೊ ನಿತ್ತಿ ಎಂಬ ಮೂವರು ಲಿಪರಿಯಿಂದ ರಾತ್ರೋರಾತ್ರಿ ಮೋಟರ್‌ಬೋಟಿನಲ್ಲಿ ಪರಾರಿಯಾದರು. ಮುಸೊಲಿನಿ ಯಾರನ್ನೂ ಕೊಲ್ಲಲಿಲ್ಲ ಎನ್ನುವವರು ಈ ರೊಸ್ಸೆಲ್ಲಿಯ ಗತಿ ಏನಾಯಿತೆಂದು ಓದಬೇಕು. 1937ರಲ್ಲಿ ಫ್ರಾನ್ಸಿನಲ್ಲಿ ಅಣ್ಣ-ತಮ್ಮ ಇಬ್ಬರನ್ನೂ ದಾರಿಯಲ್ಲಿ ಅಡ್ಡಗಟ್ಟಿ ಕೊಂದರು.

1939ರಲ್ಲಿ ಪೊಂಜಾದ ಕೇಂದ್ರವನ್ನು ಮುಚ್ಚಿ ವೆಂತೊತೆನೆಗೆ ತಂದರು. ಸುಮಾರು ಎಂಟುನೂರು ಜನ ಗಡೀಪಾರಾದವರು ಈ ಮೂರು ಕಿಲೋಮೀಟರ್ ದ್ವೀಪದಲ್ಲಿ. ದಿನಭತ್ಯೆ ಐದು ಲೀರಾ, ಮೊದಲು ಹತ್ತಿದ್ದದ್ದನ್ನು ಅರ್ಧಕ್ಕೆ ಇಳಿಸಿದ್ದರು. ಊಟ, ಬಟ್ಟೆ, ಸೋಪು ಎಲ್ಲ ಅದರಲ್ಲೇ. ದಿನವೂ ಹಾಜರಿ, ಕತ್ತಲಾದ ಮೇಲೆ ಬ್ಯಾರಕ್ಕಿನೊಳಗೆ. ಇಂತಿಷ್ಟೇ ಜಾಗದಲ್ಲಿ ಓಡಾಡಬೇಕು, ಊರವರೊಡನೆ ಬೆರೆಯುವಂತಿಲ್ಲ, ಪತ್ರಗಳಿಗೆ ಸೆನ್ಸಾರ್. ಯುದ್ಧ ಶುರುವಾದ ಮೇಲೆ ಹಸಿವು.

ಊಟದ ವ್ಯವಸ್ಥೆ ಮಾತ್ರ ಮುಂಬಯಿಯ ಹಳೆ ಖಾನಾವಳಿಗಳನ್ನು ನೆನಪಿಸುವಂತಿತ್ತು. ಐದೈದು ಲೀರಾ ಒಟ್ಟುಮಾಡಿ ಅವರವರೇ ಮೆಸ್ ನಡೆಸುತ್ತಿದ್ದರು. ನಮ್ಮಲ್ಲಿ ಮಂಗಳೂರಿನವರದು, ಧಾರವಾಡದವರದು ಎಂದಿದ್ದ ಹಾಗೆ ಅಲ್ಲಿ ಕಮ್ಯುನಿಸ್ಟರ ಮೆಸ್, ಸೋಶಿಯಲಿಸ್ಟರ ಮೆಸ್, ಅನಾರ್ಕಿಸ್ಟರ ಮೆಸ್. ಯಾರು ಎಲ್ಲಿ ಊಟ ಮಾಡುತ್ತಾರೆ ಎನ್ನುವುದರಿಂದ ಅವರ ರಾಜಕೀಯ ತಿಳಿಯುತ್ತಿತ್ತು. ಪಕ್ಷ ಬಿಟ್ಟವನಿಗೆ ಊಟದ ಮೇಜೂ ತಪ್ಪಿತು.

ಹಾಗೆ ಮೇಜು ತಪ್ಪಿಸಿಕೊಂಡವರಲ್ಲಿ ಒಬ್ಬರು ಆಲ್ತಿಯೇರೊ ಸ್ಪಿನೆಲ್ಲಿ. 1907ರಲ್ಲಿ ಹುಟ್ಟಿದವರು, ಕಮ್ಯುನಿಸ್ಟ್ ಎಂದು ಇಪ್ಪತ್ತನೇ ವಯಸ್ಸಿಗೇ ಬಂಧನ. ಹತ್ತು ವರ್ಷ ಜೈಲು ಮುಗಿಸಿದ ಮೇಲೆ ಮನೆಗೆ ಬಿಡಲಿಲ್ಲ, ನೇರ ಪೊಂಜಾ, ಆಮೇಲೆ ವೆಂತೊತೆನೆ. ಸ್ಟಾಲಿನ್ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು 1937ರಲ್ಲಿ ಪಕ್ಷದಿಂದಲೂ ಉಚ್ಚಾಟನೆ. ಸರಕಾರಕ್ಕೂ ಬೇಡ, ಸಂಗಾತಿಗಳಿಗೂ ಬೇಡ. ದ್ವೀಪದೊಳಗೆ ಇನ್ನೊಂದು ದ್ವೀಪ ಎಂದರೆ ಇದೇ.

ಅವರ ಜೊತೆಗಾರ ಎರ್ನೆಸ್ತೊ ರೋಸಿ ಅರ್ಥಶಾಸ್ತ್ರಜ್ಞ, ಒಂಬತ್ತು ವರ್ಷ ಜೈಲು ಕಂಡು ಬಂದವರು. ಇನ್ನೊಬ್ಬರು ಯೂಜೆನಿಯೊ ಕೊಲೋರ್ನಿ, ತತ್ತ್ವಶಾಸ್ತ್ರಜ್ಞ, ಯಹೂದಿ. ರೋಸಿಗೆ ಲುಯಿಜಿ ಐನೌದಿ ಎಂಬ ಹಿರಿಯ ಅರ್ಥಶಾಸ್ತ್ರಜ್ಞರೊಡನೆ ಪತ್ರವ್ಯವಹಾರವಿತ್ತು. ರಾಜಕೀಯವಲ್ಲ, ಅರ್ಥಶಾಸ್ತ್ರ ಎಂದು ಸೆನ್ಸಾರಿನವರು ಬಿಟ್ಟಿರಬೇಕು. ಐನೌದಿ ಇಂಗ್ಲಿಷ್ ಲೇಖಕರ ಕೆಲವು ಪುಸ್ತಕಗಳನ್ನು ದ್ವೀಪಕ್ಕೆ ಕಳಿಸಿದರು. ಅವುಗಳಲ್ಲಿ ಲಯನೆಲ್ ರಾಬಿನ್ಸ್ ಎಂಬ ಅರ್ಥಶಾಸ್ತ್ರಜ್ಞರ ಬರಹವೂ ಇತ್ತು. ಬಿ.ಕಾಂ. ಓದುವಾಗ ಅರ್ಥಶಾಸ್ತ್ರದ ವ್ಯಾಖ್ಯೆ ಎಂದು ನಾವು ಬಾಯಿಪಾಠ ಮಾಡಿದ್ದೆವಲ್ಲ, ಅದೇ ರಾಬಿನ್ಸ್! ಯುದ್ಧಗಳಿಗೆ ಮೂಲ, ಪ್ರತಿಯೊಂದು ದೇಶವೂ ತಾನೇ ಪರಮಾಧಿಕಾರಿ ಎಂದುಕೊಳ್ಳುವುದು, ಅದಕ್ಕೆ ಮದ್ದು ಒಕ್ಕೂಟ ಎಂಬ ವಾದ ಅವುಗಳಲ್ಲಿತ್ತು.

1941ರಲ್ಲಿ, ಹಿಟ್ಲರನ ಸೈನ್ಯ ಬಹುಪಾಲು ಯುರೋಪನ್ನು ನುಂಗಿ ಕುಳಿತಿದ್ದಾಗ, ಐದು ಲೀರಾದಲ್ಲಿ ಬದುಕುತ್ತಿದ್ದ ಇವರು 'ಸ್ವತಂತ್ರ ಮತ್ತು ಸಂಯುಕ್ತ ಯುರೋಪ್‌ಗಾಗಿ' ಎಂಬ ಪ್ರಣಾಳಿಕೆ ಬರೆದರು. ಬರೆದವರು ಸ್ಪಿನೆಲ್ಲಿ ಮತ್ತು ರೋಸಿ, ಚರ್ಚೆಯಲ್ಲಿ ಕೊಲೋರ್ನಿ. ಯುದ್ಧ ಮುಗಿದ ಮೇಲೆ ಹಳೆಯ ದೇಶಗಳನ್ನು ಹಳೆಯ ಹಾಗೇ ಕಟ್ಟಿದರೆ ಹಳೆಯ ಜಗಳಗಳೂ ಮರಳುತ್ತವೆ, ಆದ್ದರಿಂದ ಮೊದಲು ಯುರೋಪ್ ಒಕ್ಕೂಟವಾಗಬೇಕು ಎನ್ನುವುದು ಅದರ ತಿರುಳು. ಬರೆದದ್ದು ಸಿಗರೇಟ್ ಪೇಪರಿನ ಮೇಲೆ.

ಬರೆದದ್ದು ದ್ವೀಪ ದಾಟಬೇಕಲ್ಲ? ದಾಟಿಸಿದವಳು ಕೊಲೋರ್ನಿಯ ಹೆಂಡತಿ ಉರ್ಸುಲಾ ಹಿರ್ಶ್‌ಮನ್. ಬರ್ಲಿನ್‌ನ ಯಹೂದಿ ಹೆಣ್ಣುಮಗಳು, ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟವಳು. ಅವಳ ಮೇಲೆ ಗಡೀಪಾರಿನ ಆದೇಶವಿರಲಿಲ್ಲ, ಗಂಡನಿಗಾಗಿ ಬಂದಿದ್ದಳು. ಆದ್ದರಿಂದ ಹಡಗು ಹತ್ತಿ ಹೋಗಿ ಬರಬಹುದಿತ್ತು. ಹುರಿದ ಕೋಳಿಯ ಹೊಟ್ಟೆಯೊಳಗೆ ಆ ಕಾಗದಗಳನ್ನಿಟ್ಟು ಒಯ್ದಳು ಎಂದು ಕಥೆ ಹೇಳುತ್ತಾರೆ. ಕೋಳಿ ಇತ್ತೋ ಇಲ್ಲವೋ, ಪ್ರಣಾಳಿಕೆ ಮಾತ್ರ ಮುಖ್ಯಭೂಮಿ ತಲುಪಿತು, ಗುಪ್ತವಾಗಿ ಕೈಯಿಂದ ಕೈಗೆ ಹರಿದಾಡಿತು. ರೋಸಿಯ ಹೆಂಡತಿ ಆದಾ ಕೂಡ ಈ ಕೆಲಸದಲ್ಲಿದ್ದಳು. ಪುಸ್ತಕಗಳ ಮುಖಪುಟದಲ್ಲಿ ಗಂಡಸರ ಹೆಸರುಗಳಿವೆ. ಈ ಹೆಂಗಸರು ಒಯ್ಯದಿದ್ದರೆ ಆ ಕಾಗದ ದ್ವೀಪದಲ್ಲೇ ಉಳಿಯುತ್ತಿತ್ತು.

1943ರ ಜುಲೈ 25ರಂದು ಮುಸೊಲಿನಿ ಪದಚ್ಯುತನಾಗಿ ಬಂಧನಕ್ಕೊಳಗಾದ. ಎಲ್ಲಿಗೆ ಒಯ್ದರು ಹೇಳಿ? ಮೊದಲು ವೆಂತೊತೆನೆ ಎಂದುಕೊಂಡರು, ಅಲ್ಲಿ ಜರ್ಮನ್ ಸೈನಿಕರಿದ್ದರು, ಸರಿಹೋಗಲಿಲ್ಲ. ಪಕ್ಕದ ಪೊಂಜಾಕ್ಕೆ ಒಯ್ದರು! ಜುಲೈ 29ರಂದು ಅವನ ಅರವತ್ತನೇ ಹುಟ್ಟುಹಬ್ಬ. ತಾನು ಜನರನ್ನು ಅಟ್ಟುತ್ತಿದ್ದ ದ್ವೀಪದಲ್ಲೇ ಷಷ್ಟ್ಯಬ್ದಿ. ಅದೇ ಹೊತ್ತಿಗೆ ಪೊಂಜಾದಲ್ಲಿ ಗಡೀಪಾರಾಗಿ ಪಿಯೆತ್ರೊ ನೆನ್ನಿ ಎಂಬ ಸೋಶಿಯಲಿಸ್ಟ್ ನಾಯಕರಿದ್ದರು. 1911ರಲ್ಲಿ ಲಿಬಿಯಾ ಯುದ್ಧವನ್ನು ವಿರೋಧಿಸಿ ಮುಸೊಲಿನಿಯೂ ನೆನ್ನಿಯೂ ಒಟ್ಟಿಗೆ ಜೈಲು ಸೇರಿದ್ದವರು. ಮೂವತ್ತೆರಡು ವರ್ಷದ ನಂತರ ಒಂದೇ ದ್ವೀಪದಲ್ಲಿ ಇಬ್ಬರೂ ಕೈದಿಗಳು.

ಆಗಸ್ಟ್‌ನಲ್ಲಿ ವೆಂತೊತೆನೆಯವರ ಬಿಡುಗಡೆ ಶುರುವಾಯಿತು. ಆ ಹಡಗಿನಿಂದ ಇಳಿದವರು ಮುಂದೆ ಏನಾದರು ನೋಡಿ. ಸಾಂದ್ರೊ ಪೆರ್ತೀನಿ, ಸಾಂತೊ ಸ್ತೆಫಾನೊ ಜೈಲನ್ನೂ ವೆಂತೊತೆನೆಯನ್ನೂ ಕಂಡವರು, 1978ರಿಂದ 1985ರವರೆಗೆ ಇಟಲಿಯ ರಾಷ್ಟ್ರಪತಿ. ಉಂಬೆರ್ತೊ ತೆರಾಚೀನಿ, ಇಟಲಿಯ ಸಂವಿಧಾನ ಸಭೆಯ ಅಧ್ಯಕ್ಷರಾಗಿ 1947ರಲ್ಲಿ ಸಂವಿಧಾನಕ್ಕೆ ಸಹಿ ಹಾಕಿದವರು. ಕಮಿಲ್ಲಾ ರವೇರಾ, 1982ರಲ್ಲಿ ಆಜೀವ ಸೆನೆಟರ್ ಆದ ಮೊದಲ ಮಹಿಳೆ. ಪುಸ್ತಕ ಕಳಿಸಿದ ಐನೌದಿ 1945ರಲ್ಲಿ ಬ್ಯಾಂಕ್ ಆಫ್ ಇಟಲಿಯ ಗವರ್ನರ್, 1948ರಲ್ಲಿ ರಾಷ್ಟ್ರಪತಿ. ಕೊಲೋರ್ನಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವರು ದ್ವೀಪದಿಂದ ವರ್ಗವಾಗಿದ್ದ ಊರಿನಿಂದ ತಪ್ಪಿಸಿಕೊಂಡು ರೋಮ್ ಸೇರಿದರು, ಅಲ್ಲಿ 1944ರ ಜನವರಿಯಲ್ಲಿ ಪ್ರಣಾಳಿಕೆಯನ್ನು ತಮ್ಮ ಮುನ್ನುಡಿಯೊಂದಿಗೆ ಗುಪ್ತವಾಗಿ ಅಚ್ಚು ಹಾಕಿಸಿದರು. ಮೇ ತಿಂಗಳ ಕೊನೆಗೆ ಫ್ಯಾಸಿಸ್ಟರ ಗುಂಡಿಗೆ ಬಲಿಯಾದರು. ರೋಮ್ ವಿಮೋಚನೆಯಾದದ್ದು ಜೂನ್ 4ರಂದು.

ಸ್ಪಿನೆಲ್ಲಿ ಮಾತ್ರ ದ್ವೀಪದಲ್ಲಿ ಹಿಡಿದ ಹಟವನ್ನು ಸಾಯುವವರೆಗೂ ಬಿಡಲಿಲ್ಲ. ಉರ್ಸುಲಾಳನ್ನು ಮದುವೆಯಾದರು. ಯುರೋಪಿಯನ್ ಕಮಿಷನರ್ ಆದರು, ಯುರೋಪಿಯನ್ ಸಂಸತ್ತಿನ ಸದಸ್ಯರಾದರು. ಅವರ ನೇತೃತ್ವದಲ್ಲಿ ತಯಾರಾದ ಯುರೋಪಿಯನ್ ಒಕ್ಕೂಟದ ಕರಡು ಒಪ್ಪಂದವನ್ನು ಸಂಸತ್ತು 1984ರ ಫೆಬ್ರವರಿ 14ರಂದು ಅಂಗೀಕರಿಸಿತು. ಅದು ಇದ್ದ ಹಾಗೆ ಜಾರಿಯಾಗಲಿಲ್ಲ, ಆದರೆ 1992ರ ಮಾಸ್ತ್ರಿಕ್ಟ್ ಒಪ್ಪಂದಕ್ಕೆ ಹೋಗುವ ದಾರಿಯನ್ನು ತೆರೆಯಿತು. ಫಾರಿನ್ ಎಕ್ಸ್‌ಚೇಂಜ್ ಮೇಜಿನಲ್ಲಿ ಕೂತ ನನ್ನ ವಯಸ್ಸಿನವರಿಗೆ ನೆನಪಿರಬಹುದು, ಒಂದು ಕಾಲಕ್ಕೆ ಮಾರ್ಕ್, ಫ್ರಾಂಕ್, ಲೀರಾ, ಗಿಲ್ಡರ್ ಎಂದು ಬೋರ್ಡಿನ ತುಂಬಾ ದರಗಳು. 1999ರ ಜನವರಿ 1ಕ್ಕೆ ಒಂದು ಯೂರೊಗೆ 1936.27 ಲೀರಾ ಎಂದು ಕಾಯಂ ಆಯಿತು, 2002ರಲ್ಲಿ ನೋಟು ಕೈಗೆ ಬಂತು. ನಮಗದು ಬೋರ್ಡಿನ ಸಾಲುಗಳು ಕಡಿಮೆಯಾದ ಸಮಾಧಾನವಷ್ಟೆ. ಅದರ ಹಿಂದೆ ಐದು ಲೀರಾ ಭತ್ಯೆಯ ಕೈದಿಗಳೂ ಇದ್ದರು.

ಎಲ್ಲರೂ ಅವರನ್ನು ಹೊಗಳುತ್ತಾರೆ ಎಂದಲ್ಲ. 2016ರ ಆಗಸ್ಟ್‌ನಲ್ಲಿ ಇಟಲಿ, ಜರ್ಮನಿ, ಫ್ರಾನ್ಸ್ ಮೂರೂ ದೇಶಗಳ ನಾಯಕರು ವೆಂತೊತೆನೆಗೆ ಬಂದು ಸ್ಪಿನೆಲ್ಲಿಯ ಸಮಾಧಿಗೆ ಹೂವಿಟ್ಟರು. 2025ರ ಮಾರ್ಚ್‌ನಲ್ಲಿ ಇಟಲಿಯ ಪ್ರಧಾನಿ ಜೋರ್ಜಾ ಮೆಲೋನಿ ಸಂಸತ್ತಿನಲ್ಲಿ ಇದೇ ಪ್ರಣಾಳಿಕೆಯ ಸಾಲುಗಳನ್ನು ಓದಿ, ಇದು ತನ್ನ ಯುರೋಪ್ ಅಲ್ಲ ಎಂದರು. ಪ್ರಣಾಳಿಕೆಯಲ್ಲಿ ಕ್ರಾಂತಿಕಾರಿ ಪಕ್ಷದ ಸರ್ವಾಧಿಕಾರದ ಮಾತು ಇರುವುದು ನಿಜ, ಅದನ್ನು ಪ್ರಶ್ನಿಸಬಹುದು. ಆದರೆ ಬರೆದವರು ಎಲ್ಲಿ ಕೂತು, ಯಾವಾಗ ಬರೆದರು ಎನ್ನುವುದನ್ನು ಬಿಟ್ಟು ಸಾಲುಗಳನ್ನಷ್ಟೇ ಓದಿದರೆ ಅರ್ಧ ಲೆಡ್ಜರ್ ಓದಿದ ಹಾಗೆ.

ಈ ಪದ್ಧತಿ ಮುಸೊಲಿನಿಯ ಜೊತೆ ಮುಗಿಯಲಿಲ್ಲ. ಗ್ರೀಸಿನ ಅಂತರ್ಯುದ್ಧದಲ್ಲಿ 1947ರಿಂದ ಮಕ್ರೋನಿಸೋಸ್ ದ್ವೀಪ ಸೆರೆಶಿಬಿರವಾಯಿತು. ಸಂಗೀತಗಾರ ಮಿಕಿಸ್ ಥಿಯೋಡೊರಾಕಿಸ್, ಕವಿ ಯಾನ್ನಿಸ್ ರಿತ್ಸೋಸ್ ಇಬ್ಬರೂ ಅಲ್ಲಿದ್ದರು. ಟೈಬೀರಿಯಸ್ ಕೂಡ ಕ್ರೂರವೆಂದು ಬಿಟ್ಟ ಗ್ಯಾರೋಸ್‌ಗೆ 1967ರಲ್ಲಿ ಸೇನಾಧಿಕಾರಿಗಳ ಸರಕಾರ ಮತ್ತೆ ಜನರನ್ನು ಕಳಿಸಿತು. ಎರಡು ಸಾವಿರ ವರ್ಷಗಳಲ್ಲಿ ನೀರಿನ ಸೌಕರ್ಯವೇನೂ ಸುಧಾರಿಸಿರಲಿಲ್ಲ. ಇಂದು ಅಲ್ಲಿ ಜನವಸತಿ ಇಲ್ಲ.

ದ್ವೀಪದ ಏಕಾಂತ ಒಳ್ಳೆಯ ಕೆಲಸಕ್ಕೂ ಆಗಿದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಟ್ಟುಬಿಡುತ್ತೇನೆ. ಸಾರ್ಡಿನಿಯಾದ ಬಳಿಯ ಅಸಿನಾರಾ ದ್ವೀಪದಲ್ಲಿ ಜೈಲಿತ್ತು. ಸಿಸಿಲಿಯ ಮಾಫಿಯಾ ವಿರುದ್ಧ ಮಹಾಮೊಕದ್ದಮೆಯ ದೋಷಾರೋಪ ಪಟ್ಟಿ ತಯಾರಿಸುತ್ತಿದ್ದ ನ್ಯಾಯಾಧೀಶರಾದ ಫಾಲ್ಕೋನೆ ಮತ್ತು ಬೊರ್ಸೆಲ್ಲಿನೊ ಅವರಿಗೆ ಜೀವಬೆದರಿಕೆ ಬಂದಾಗ, 1985ರಲ್ಲಿ ಸರಕಾರ ಅವರನ್ನೂ ಕುಟುಂಬದವರನ್ನೂ ಅಲ್ಲಿಗೆ ಕಳಿಸಿತು. ಅಲ್ಲಿ ಕೂತು ಕೆಲಸ ಮುಗಿಸಿದರು. ಆಮೇಲೆ ಸರಕಾರ ಅವರಿಗೆ ಕಳಿಸಿದ್ದೇನು ಗೊತ್ತೇ? ಊಟ-ವಸತಿಯ ಬಿಲ್ಲು! ಇಬ್ಬರೂ 1992ರಲ್ಲಿ ಮಾಫಿಯಾದ ಬಾಂಬಿಗೆ ಬಲಿಯಾದರು. ಅಸಿನಾರಾ ಈಗ ರಾಷ್ಟ್ರೀಯ ಉದ್ಯಾನ, ಪ್ರವಾಸಿಗಳು ಸೈಕಲ್ ತುಳಿಯುತ್ತಾರೆ.

ಹಾಗಾದರೆ ಅಂಥ ದ್ವೀಪಗಳಿಗೆ ರಜೆಗೆ ಹೋಗಬಾರದೇ? ಖಂಡಿತ ಹೋಗಿ. ಏಳುನೂರು ಜನರ ಹೊಟ್ಟೆ ತುಂಬುವುದೇ ಪ್ರವಾಸಿಗಳಿಂದ. ಸೆರೆಮನೆಯಾಗಿದ್ದ ಜಾಗದಲ್ಲಿ ಮಕ್ಕಳು ಈಜು ಕಲಿಯುವುದು ಒಳ್ಳೆಯದೇ. ಆದರೆ ರಜೆ ಮತ್ತು ಸಜೆ ಎರಡನ್ನೂ ಒಂದೇ ಎನ್ನುವವರ ಮಾತನ್ನು ನಂಬಬೇಡಿ. ಅಗಸ್ಟಸನ ಬಂಗಲೆಯಲ್ಲಿ ಮಗಳು ಬರುವ ಮೊದಲಿದ್ದ ಕೋಣೆಗಳೇ ಆಮೇಲೂ ಇದ್ದವು, ಸಮುದ್ರವೂ ಅದೇ. ಬದಲಾದದ್ದು ಒಂದೇ: ಹೊರಡುವ ದಿನವನ್ನು ತೀರ್ಮಾನಿಸುವವರು ಯಾರು ಎಂಬುದು. ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ. ನಾವೂ ಮೂವತ್ತು-ನಲವತ್ತು ವರ್ಷ ಊರಿನಿಂದ ದೂರ ಇದ್ದೇವೆ. ಗಣೇಶ ಚೌತಿಗೆ ರಿಸರ್ವೇಶನ್ ಸಿಗದಿದ್ದರೆ ಗೊಣಗುತ್ತೇವೆ. ಆದರೂ ಮನಸ್ಸು ಮಾಡಿದರೆ ನಾಳೆಯೇ ಹೊರಡಬಹುದು ಎಂಬ ಧೈರ್ಯ ಒಳಗೆ ಇದ್ದೇ ಇದೆ. ಆ ಧೈರ್ಯ ಇರುವುದರಿಂದಲೇ ಇಲ್ಲಿ ನೆಮ್ಮದಿಯಾಗಿ ಇದ್ದೇವೆ.

ಮುಂದೆ ಯಾರಾದರೂ ಆ ಕಡೆ ಹೋಗುವುದಾದರೆ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು, ಜುಲೈ-ಆಗಸ್ಟ್‌ನಲ್ಲಿ ಇಟಲಿಯವರದೇ ನೂಕುನುಗ್ಗಲು. ರೋಮನ್ನರು ಕಡಿದ ಬಂದರನ್ನು, ಮಳೆನೀರಿನ ತೊಟ್ಟಿಗಳನ್ನು ನೋಡಿ. ಗಡೀಪಾರಾದವರ ಬ್ಯಾರಕ್ಕುಗಳು ಈಗ ಬಹುತೇಕ ಉಳಿದಿಲ್ಲ. ಸಾಂತೊ ಸ್ತೆಫಾನೊ ಜೈಲು 1965ರಲ್ಲಿ ಮುಚ್ಚಿತು, ಅದರ ದುರಸ್ತಿಗೆ 2016ರಲ್ಲಿ ಇಟಲಿ ಸರಕಾರ ಏಳು ಕೋಟಿ ಯೂರೊ ತೆಗೆದಿಟ್ಟಿತು. ಊರಿನ ಸ್ಮಶಾನಕ್ಕೂ ಒಮ್ಮೆ ಹೋಗಿ ಬನ್ನಿ. 1986ರ ಮೇ 23ರಂದು ತೀರಿಕೊಂಡ ಸ್ಪಿನೆಲ್ಲಿಯ ಚಿತಾಭಸ್ಮ ಅಲ್ಲಿದೆ. ನಾಲ್ಕು ವರ್ಷ ಯಾವ ದ್ವೀಪವನ್ನು ಬಿಟ್ಟು ಹೋಗಲು ಅವರಿಗೆ ಅಪ್ಪಣೆ ಇರಲಿಲ್ಲವೋ, ಕೊನೆಗೆ ಮರಳಿ ಬಂದದ್ದು ಅಲ್ಲಿಗೇ. ಈ ಸಲ ಹಾಜರಿ ಕರೆಯುವವರು ಯಾರೂ ಇರಲಿಲ್ಲ.